ಲಾರೆಲ್ ಬಂತು, ಚಿತ್ರ ಮಾತ್ರ ಯಾರೂ ನೋಡಿಲ್ಲ

ಪ್ರಶ್ನೆ: ನಾವು ಕುಮಟಾ ಕಡೆಯ ನಾಲ್ಕು ಜನ ಗೆಳೆಯರು. ಅಘನಾಶಿನಿ ನದಿಯಲ್ಲಿ ಬಳಚು ಅನ್ನುವ ಚಿಪ್ಪಿನ ಜೀವಿಯನ್ನು ತೆಗೆಯುವ ಒಬ್ಬ ಹೆಂಗಸಿನ ಮೇಲೆ 22 ನಿಮಿಷದ ಕಿರುಚಿತ್ರ ಮಾಡಿದ್ದೇವೆ. ಮಾತೆಲ್ಲ ನದಿ ದಂಡೆಯ ಕನ್ನಡದಲ್ಲೇ ಇದೆ. ಆನ್‌ಲೈನ್‌ನಲ್ಲಿ ಕಂಡ ಫೆಸ್ಟಿವಲ್‌ಗಳಿಗೆಲ್ಲ ಕಳಿಸಿದೆವು. ಸುಮಾರು ಕಡೆ ‘ಅಫಿಷಿಯಲ್ ಸೆಲೆಕ್ಷನ್’ ಅಂತ ಬಂತು, ಎರಡು ಕಡೆ ಪ್ರಶಸ್ತಿಯೂ ಬಂತು. ಫೀಸಿಗೇ 25 ಸಾವಿರದ ಹತ್ತಿರ ಹೋಯಿತು. ಆದರೆ ಎಲ್ಲಿಯೂ ಚಿತ್ರ ತೋರಿಸಿದ ಹಾಗೆ ಕಾಣಲಿಲ್ಲ. ನಮ್ಮ ತಂಡದ ಒಬ್ಬಳು ಶಿರಸಿಯವಳು. ಬೆಂಗಳೂರಿನಲ್ಲಿ ಅನಿಮೇಷನ್ ಓದುತ್ತಿದ್ದಾಳೆ. ಕಾಲೇಜಿನ ಪ್ರಾಜೆಕ್ಟ್ ಆಗಿ, ನಮ್ಮ ಕಡೆ ಗೋಡೆ ಮೇಲೆ ಬಿಡಿಸುವ ಹಸೆ ಚಿತ್ತಾರದ ಗೆರೆಗಳಲ್ಲಿ ಆರು ನಿಮಿಷದ ಚಿತ್ರ ಮಾಡುತ್ತಿದ್ದಾಳೆ. ಅವಳಿಗೂ ಹೀಗೇ ಆಗಬಾರದು. ನಿಜವಾದ ಫೆಸ್ಟಿವಲ್ ಯಾವುದು ಅಂತ ಗುರುತಿಸೋದು ಹೇಗೆ? ಯಾವುದಕ್ಕೆ ಕಳಿಸಬೇಕು? ಬೇಸತ್ತು ಯೂಟ್ಯೂಬ್‌ಗೆ ಹಾಕಿಬಿಡೋಣ ಅನ್ನಿಸಿದೆ, ಹಾಕಬಹುದಾ?

ಉತ್ತರ: ಯೂಟ್ಯೂಬ್‌ಗೆ ಈಗಲೇ ಹಾಕಬೇಡಿ. ಮೊದಲು ಇದೊಂದನ್ನು ಹೇಳಿಬಿಡುತ್ತೇನೆ, ಯಾಕೆ ಅನ್ನೋದು ಆಮೇಲೆ.

ನೀವು ಪತ್ರದ ಜೊತೆ ಕಳಿಸಿದ ಲಿಂಕ್‌ನಲ್ಲಿ ಚಿತ್ರ ನೋಡಿದೆ. ಒಳ್ಳೆಯ ಚಿತ್ರ. ಸಮಾಧಾನಕ್ಕೆ ಹೇಳುತ್ತಿಲ್ಲ. ಆ ಹೆಂಗಸು ಸೊಂಟದ ಮಟ್ಟ ನೀರಲ್ಲಿ ನಿಂತು, ಮುಖ ಮೇಲೆತ್ತಿ, ಎಲ್ಲೋ ನೋಡುತ್ತಾ, ಕಾಲಿನ ಬೆರಳಲ್ಲಿ ಕೆಸರು ತಡಕುವ ಒಂದು ಶಾಟ್ ಇದೆಯಲ್ಲ, ಅಂಥದ್ದು ಸುಲಭಕ್ಕೆ ಸಿಗುವುದಿಲ್ಲ. ಕಾಲಿಗೆ ಬಳಚು ಸಿಕ್ಕಿತು ಅನ್ನೋದು ಅವಳ ಮುಖದಲ್ಲೇ ಗೊತ್ತಾಗುತ್ತದೆ. ಇಂಥ ಚಿತ್ರ ಜನ ಕೂತಿರುವ ಕತ್ತಲ ಹಾಲ್‌ನಲ್ಲಿ, ದೊಡ್ಡ ಪರದೆ ಮೇಲೆ ಓಡಬೇಕು. ಫೆಸ್ಟಿವಲ್‌ಗೆ ಕಳಿಸುವುದು ಅದಕ್ಕೋಸ್ಕರ. ಆ ಕಡೆಗೆ ಕರೆದುಕೊಂಡು ಹೋಗದ ಯಾವ ಖರ್ಚನ್ನೂ ಇನ್ನು ಮೇಲೆ ಮಾಡಬೇಡಿ. ನಾನು ಕೆಳಗೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೇ ನಿಂತಿದೆ.

ಈಗಾಗಲೇ ಬಂದಿರುವ ಲಾರೆಲ್‌ಗಳ ವಿಷಯ. ಪೋಸ್ಟರ್ ಮೇಲೆ ಎರಡು ಎಲೆಗೊಂಚಲ ನಡುವೆ ಉತ್ಸವದ ಹೆಸರು ಹಾಕುತ್ತಾರಲ್ಲ, ಅದು ಲಾರೆಲ್. ಆಯ್ಕೆ ಸಮಿತಿಯಲ್ಲಿ ಕೂತವರಿಗೆ ಅದರಲ್ಲಿ ಯಾವುದು ಗಟ್ಟಿ, ಯಾವುದು ಟೊಳ್ಳು ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಟೊಳ್ಳಾದವು ಹೆಚ್ಚಿದ್ದಷ್ಟೂ ಪೋಸ್ಟರ್‌ಗೆ ಬೆಲೆ ಕಡಿಮೆ. ಎಲ್ಲವನ್ನೂ ತೆಗೆದುಹಾಕಿ. ಬೇಜಾರಾಗುತ್ತದೆ, ಗೊತ್ತು. ಆದರೆ ಇದರಲ್ಲೇ ಒಂದು ಒಳ್ಳೆಯ ಸುದ್ದಿಯೂ ಇದೆ. ಅವರು ಚಿತ್ರವನ್ನು ಎಲ್ಲಿಯೂ ತೋರಿಸಿಲ್ಲ. ಹಾಗಾಗಿ ನಿಮ್ಮ ಚಿತ್ರ ಇನ್ನೂ ಹೊಸದೇ. ಅವರ ಪೈಕಿ ಯಾರಾದರೂ ಆನ್‌ಲೈನ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದಾರಾ ಅಂತ ಮಾತ್ರ ಒಮ್ಮೆ ಹುಡುಕಿ ನೋಡಿ. ಹಾಕಿದ್ದರೆ ತೆಗೆಸಿ.

ನಿಜವಾದ ಉತ್ಸವವನ್ನು ಗುರುತಿಸುವುದು ಕಷ್ಟವಲ್ಲ. ಹಿಂದಿನ ವರ್ಷ ಎಲ್ಲಿ, ಯಾವ ಹಾಲ್‌ನಲ್ಲಿ, ಎಷ್ಟು ಗಂಟೆಗೆ ಯಾವ ಚಿತ್ರ ಓಡಿತು ಅನ್ನುವ ವೇಳಾಪಟ್ಟಿ ಇದೆಯಾ? ಆಯ್ಕೆ ಮಾಡಿದವರ, ತೀರ್ಪುಗಾರರ ಹೆಸರು ಇದೆಯಾ? ಜನ ಕೂತು ನೋಡುತ್ತಿರುವ ಫೋಟೊ ಇದೆಯಾ? ಹಿಂದಿನ ಸಲ ಅಲ್ಲಿಗೆ ಹೋದ ನಿರ್ದೇಶಕರೊಬ್ಬರಿಗೆ ಮೆಸೇಜ್ ಮಾಡಿ ಕೇಳಿ. ಈ ಲೋಕದ ಜನ ಇಂಥದ್ದಕ್ಕೆ ಬಹಳ ಧಾರಾಳವಾಗಿ ಉತ್ತರ ಕೊಡುತ್ತಾರೆ. ತಿಂಗಳಿಗೊಮ್ಮೆ ಪ್ರಶಸ್ತಿ ಕೊಡುವುದು, ಅರವತ್ತು ಎಪ್ಪತ್ತು ವಿಭಾಗ ಇಡುವುದು, ಟ್ರೋಫಿಯನ್ನು ಗೆದ್ದವರೇ ದುಡ್ಡು ಕೊಟ್ಟು ತರಿಸಿಕೊಳ್ಳಿ ಅನ್ನುವುದು, ಊರಿನ ಹೆಸರು ದೊಡ್ಡದಾಗಿ ಹಾಕಿ ಹಾಲ್‌ನ ಹೆಸರೇ ಇಲ್ಲದಿರುವುದು, ಇವೆಲ್ಲ ದೂರ ಇರಬೇಕಾದ ಗುರುತುಗಳು. ಫಿಲ್ಮ್‌ಫ್ರೀವೇ ತಾಣದಲ್ಲಿ ಇದೆ ಅಂದ ಮಾತ್ರಕ್ಕೆ ನಂಬಬೇಡಿ. ಅದು ಅರ್ಜಿ ದಾಟಿಸುವ ಜಾಗ. ಅಲ್ಲಿ ಒಳ್ಳೆಯ ಉತ್ಸವಗಳೂ ಇವೆ, ಬರೀ ಫೀಸಿಗೆ ಬಾಯಿ ಬಿಟ್ಟುಕೊಂಡು ಕೂತವೂ ಇವೆ.

ಇನ್ನು ಆಯ್ಕೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಇದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ. ಕಿರುಚಿತ್ರಗಳನ್ನು ಒಂದೊಂದಾಗಿ ತೋರಿಸುವುದಿಲ್ಲ. ಸುಮಾರು 80–90 ನಿಮಿಷದ ಒಂದು ಕಟ್ಟು ಮಾಡುತ್ತಾರೆ. ಅದರಲ್ಲಿ ಐದರಿಂದ ಎಂಟು ಚಿತ್ರ ಇರುತ್ತವೆ. ಆಯ್ಕೆ ಮಾಡುವವರ ತಲೆಯಲ್ಲಿ ಯಾವಾಗಲೂ ಆ ಕಟ್ಟೇ ಓಡುತ್ತಿರುತ್ತದೆ. ಇದರ ಮುಂದೆ ಯಾವುದು ಬರಬೇಕು, ಹಿಂದೆ ಯಾವುದು, ಭಾರದ ಚಿತ್ರ ಆದಮೇಲೆ ಜನಕ್ಕೆ ಉಸಿರಾಡಲು ಏನು ಕೊಡಬೇಕು. 22 ನಿಮಿಷದ ಚಿತ್ರ ಒಂದು ಕಟ್ಟಿನ ಕಾಲು ಭಾಗ ತಿನ್ನುತ್ತದೆ. ಅಷ್ಟೇ ಜಾಗದಲ್ಲಿ ಎರಡು ಮೂರು ಚಿಕ್ಕ ಚಿತ್ರ ಹಾಕಬಹುದು. ಹಾಗಾಗಿ ನಿಮ್ಮದು ಆ ಎರಡು ಮೂರಕ್ಕಿಂತ ಜಾಸ್ತಿ ಬೇಕು ಅನ್ನಿಸಬೇಕು. ನಿಮ್ಮ ಗೆಳತಿಯ ಆರು ನಿಮಿಷದ ಚಿತ್ರಕ್ಕೆ ಈ ತೊಂದರೆಯೇ ಇಲ್ಲ. ಒಳ್ಳೆಯ ಆರು ನಿಮಿಷಕ್ಕೆ ಎಲ್ಲರೂ ಜಾಗ ಹುಡುಕುತ್ತಾರೆ.

ಮೊದಲ ಸುತ್ತಿನಲ್ಲಿ ನೋಡುವವರು ಒಂದೇ ದಿನ ಹತ್ತಾರು ಚಿತ್ರ ನೋಡುತ್ತಾರೆ. ಬಹುಪಾಲು ಲ್ಯಾಪ್‌ಟಾಪ್‌ನಲ್ಲಿ, ಹೆಡ್‌ಫೋನ್ ಹಾಕಿಕೊಂಡು. ನಿಮ್ಮ ಚಿತ್ರದಲ್ಲಿ ಮೊದಲು ಮೂರು ಲೋಗೊ ಬರುತ್ತವೆ. ಆಮೇಲೆ ನದಿ ಸಮುದ್ರಕ್ಕೆ ಸೇರುವ ಅಳಿವೆಯ ಮೇಲೆ ಡ್ರೋನ್ ಹಾರುತ್ತದೆ. ಅದರ ಮೇಲೆ ಹೆಸರುಗಳು ಬರುತ್ತವೆ. ಇಷ್ಟಕ್ಕೇ ಎರಡು ನಿಮಿಷ ಹೋಯಿತು. ಆ ನೋಟ ಚೆಂದವೇ. ಆದರೆ ಡ್ರೋನ್‌ನಲ್ಲಿ ತೆಗೆದ ನದಿ ಎಲ್ಲ ಊರಿನವರ ಹತ್ತಿರವೂ ಇದೆ. ಕಾಲಲ್ಲಿ ಬಳಚು ಹುಡುಕುವ ಮುಖ ನಿಮ್ಮ ಹತ್ತಿರ ಮಾತ್ರ ಇದೆ. ಅದು ಬರುವುದು ಐದನೇ ನಿಮಿಷಕ್ಕೆ! ಅದನ್ನೇ ಮೊದಲ ಶಾಟ್ ಮಾಡಿ. ಹೆಸರುಗಳನ್ನು ಕೊನೆಗೆ ತಳ್ಳಿ. ಡ್ರೋನ್ ಶಾಟ್ ಬೇಕೇ ಬೇಕು ಅಂದರೆ ಮಧ್ಯದಲ್ಲಿ ಹತ್ತು ಸೆಕೆಂಡ್ ಸಾಕು.

ಮಗಳು ಕಾರವಾರದಿಂದ ಬರುವ ಭಾಗದಲ್ಲೂ ಎರಡು ಮೂರು ನಿಮಿಷ ಕಳೆಯಬಹುದು. ಅಮ್ಮ ಮಗಳು ಮಾತಿಲ್ಲದೆ ಕೂತು ಬಳಚಿನ ಚಿಪ್ಪು ಬಿಡಿಸುವ ದೃಶ್ಯದಲ್ಲೇ ಅವರಿಬ್ಬರ ನಡುವೆ ಏನಾಗಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಅದನ್ನೇ ನೆರೆಮನೆಯವರ ಬಾಯಲ್ಲಿ ಹೇಳಿಸಬೇಕಾಗಿಲ್ಲ. ಹೀಗೆ ಮಾಡಿದರೆ ಚಿತ್ರ ತಾನಾಗಿ 17 ನಿಮಿಷಕ್ಕೆ ಇಳಿಯುತ್ತದೆ.

ಅಲ್ಲಿಗೆ ನಿಲ್ಲಿಸಿ. ಫ್ರಾನ್ಸ್‌ನ ಕಾನ್ ಉತ್ಸವದ ಕಿರುಚಿತ್ರ ಸ್ಪರ್ಧೆಗೆ 15 ನಿಮಿಷದ ಮಿತಿ ಇದೆ, ಹೆಸರುಗಳೂ ಸೇರಿ. ಅದಕ್ಕೋಸ್ಕರ ಇನ್ನೆರಡು ನಿಮಿಷ ಕತ್ತರಿಸುವ ಆಸೆ ಬರುತ್ತದೆ. ಬೇಡ. ಈ ಚಿತ್ರಕ್ಕೆ ಸ್ವಲ್ಪ ನಿಧಾನ ಬೇಕು. ನೀರು ಇಳಿಯುವುದನ್ನು ಕಾಯುವ ಹೊತ್ತು ಬೇಕು. ಬರ್ಲಿನ್ ಉತ್ಸವದ ಕಿರುಚಿತ್ರ ವಿಭಾಗದಲ್ಲಿ 30 ನಿಮಿಷದ ತನಕ ಅವಕಾಶ ಇದೆ. ಆಸ್ಕರ್‌ನವರ ಲೆಕ್ಕದಲ್ಲಿ 40 ನಿಮಿಷದ ತನಕ ಕಿರುಚಿತ್ರವೇ. ಮಿತಿ ನೋಡಿ ಉತ್ಸವ ಆರಿಸಿ, ಉತ್ಸವ ನೋಡಿ ಚಿತ್ರ ಕುಯ್ಯಬೇಡಿ.

ಈಗ ನಿಮ್ಮ ಚಿತ್ರದ ನಿಜವಾದ ತೊಂದರೆಗೆ ಬರುತ್ತೇನೆ. ಅದು ಶಬ್ದ. ಫೀಸಿಗೆ ಕೊಟ್ಟ ಆ 25 ಸಾವಿರ ಇಲ್ಲಿಗೆ ಬರಬೇಕಿತ್ತು. ಮಳೆಗಾಲದಲ್ಲಿ ಚಿತ್ರೀಕರಣ ಮಾಡಿದ್ದೀರಿ. ಬಣ್ಣ ಅದ್ಭುತವಾಗಿ ಬಂದಿದೆ. ಆದರೆ ಮನೆಯೊಳಗಿನ ಮಾತುಕತೆಯ ಹಿಂದೆ ಶೀಟಿನ ಮೇಲೆ ಮಳೆ ಬೀಳುವ ಸದ್ದು ಒಂದು ಶಾಟ್‌ನಲ್ಲಿ ಜೋರಾಗಿದೆ, ಮುಂದಿನದರಲ್ಲಿ ಇಲ್ಲವೇ ಇಲ್ಲ, ಮತ್ತೆ ಬರುತ್ತದೆ. ಅಮ್ಮ ಮಾತಾಡುವಾಗ ಜಡಿಮಳೆ, ಮಗಳು ಮಾತಾಡುವಾಗ ಹೊಳವು. ಫೋನ್‌ನಲ್ಲಿ ನೋಡಿದರೆ ಅಷ್ಟು ತಿಳಿಯುವುದಿಲ್ಲ. ಹಾಲ್‌ನ ಸ್ಪೀಕರ್‌ನಲ್ಲಿ ಅದೊಂದೇ ಕೇಳುತ್ತದೆ. ಚಿತ್ರ ಸ್ವಲ್ಪ ಮಸುಕಾಗಿದ್ದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಸಹಿಸುವುದಿಲ್ಲ.

ಸರಿಪಡಿಸಲು ದಾರಿ ಇದೆ. ಅದೇ ಮನೆಗೆ, ಅದೇ ಥರದ ಮಳೆ ಬರುವ ಹೊತ್ತಿಗೆ ಹೋಗಿ, ಯಾರೂ ಮಾತಾಡದೆ ಐದು ನಿಮಿಷ ಬರೀ ಮಳೆಯ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ಇಡೀ ದೃಶ್ಯದ ಕೆಳಗೆ ಒಂದೇ ಸಮ ಹಾಸಿ. ಆಗ ಶಾಟ್‌ನಿಂದ ಶಾಟ್‌ಗೆ ಆಗುವ ಏರುಪೇರು ಬಹಳಷ್ಟು ಮುಚ್ಚಿಹೋಗುತ್ತದೆ. ಮಾತು ಪೂರ್ತಿ ಮುಳುಗಿಹೋಗಿರುವ ನಾಲ್ಕೈದು ಸಾಲಿಗೆ ಆ ಕಲಾವಿದರಿಂದಲೇ ಡಬ್ಬಿಂಗ್ ಮಾಡಿಸಿ. ಸ್ಟುಡಿಯೊ ಸಿಗದಿದ್ದರೆ ಕಂಬಳಿ, ಹಾಸಿಗೆ ತುಂಬಿದ ಚಿಕ್ಕ ಕೋಣೆಯಲ್ಲೂ ಆಗುತ್ತದೆ. ಆಮೇಲೆ ಒಬ್ಬ ಒಳ್ಳೆಯ ಸೌಂಡ್ ಇಂಜಿನಿಯರ್ ಹತ್ತಿರ ಎರಡು ದಿನ ಕೂತು ಮಿಕ್ಸಿಂಗ್, ಅಂದರೆ ಎಲ್ಲ ಸದ್ದುಗಳನ್ನೂ ಹದವಾಗಿ ಬೆರೆಸುವ ಕೆಲಸ, ಮಾಡಿಸಿ. ಆ ನದಿಯಲ್ಲಿ ಕೇಳಬೇಕಾದ ಸದ್ದು ಎಷ್ಟೊಂದಿದೆ! ಇಳಿತದಲ್ಲಿ ಕೆಸರಿನಿಂದ ಕಾಲು ಕಿತ್ತುಕೊಳ್ಳುವಾಗಿನ ಸದ್ದು, ಬುಟ್ಟಿಗೆ ಚಿಪ್ಪು ಬೀಳುವ ಸದ್ದು, ದೂರದಲ್ಲಿ ಕೊಂಕಣ ರೈಲ್ವೆ ಸೇತುವೆ ಮೇಲೆ ಗಾಡಿ ಹೋಗುವ ಸದ್ದು. ಇವೆಲ್ಲ ಈಗ ಕೀಬೋರ್ಡ್ ಸಂಗೀತದ ಅಡಿಯಲ್ಲಿ ಹೂತುಹೋಗಿವೆ. ಸಂಗೀತವನ್ನು ಅರ್ಧಕ್ಕರ್ಧ ತೆಗೆಯಿರಿ.

ಬೆಳಕಿನ ಬಗ್ಗೆ ಒಂದು ಮಾತು. ಚಿಮಣಿ ದೀಪದ ದೃಶ್ಯ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಪ್ರೊಜೆಕ್ಟರ್‌ನಲ್ಲಿ ಬರೀ ಕಪ್ಪು ಕಾಣುವ ಸಾಧ್ಯತೆ ಜಾಸ್ತಿ. ರಾತ್ರಿ ಹೊತ್ತು, ಸ್ಕ್ರೀನ್ ಬೆಳಕು ಏರಿಸಿಕೊಂಡು ಗ್ರೇಡಿಂಗ್, ಅಂದರೆ ಚಿತ್ರದ ಬಣ್ಣ ಬೆಳಕು ಹೊಂದಿಸುವ ಕೆಲಸ, ಮಾಡಿದವರಿಗೆಲ್ಲ ಹೀಗೆ ಆಗುತ್ತದೆ. ಯಾವುದಾದರೂ ಶಾಲೆಯ ಪ್ರೊಜೆಕ್ಟರ್‌ನಲ್ಲಿ ಒಮ್ಮೆ ಹಾಕಿ ನೋಡಿ, ಅಮ್ಮನ ಕಣ್ಣು ಕಾಣುವಷ್ಟು ಬೆಳಕು ಎತ್ತಿ.

ಭಾಷೆ ಬದಲಿಸಬೇಕಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೆಂಗಳೂರಿನವರಿಗೆ ಅರ್ಥವಾಗುವುದಿಲ್ಲ, ಮಾತು ಸ್ವಲ್ಪ ತಿದ್ದಿ ಅಂತ. ದಯವಿಟ್ಟು ಕೇಳಬೇಡಿ. ಆ ಹೆಂಗಸಿನ ಮಾತಿನ ಏರಿಳಿತದಲ್ಲೇ ಅವಳ ಊರು, ಮನೆ, ವಯಸ್ಸು ಎಲ್ಲ ಇದೆ. ಅರ್ಥ ಮಾಡಿಸುವ ಕೆಲಸ ಸಬ್‌ಟೈಟಲ್‌ನದ್ದು. ಈಗಿನ ಸಬ್‌ಟೈಟಲ್ ಮಾತ್ರ ಸಾಲದು. ಕೆಲವು ಕಡೆ ಮೂರು ಸಾಲು ಇದೆ, ಓದುವಷ್ಟರಲ್ಲಿ ಮಾಯವಾಗುತ್ತದೆ. ಒಂದು ಸಲಕ್ಕೆ ಎರಡು ಸಾಲು ಸಾಕು, ಸಾಲಿಗೆ 40 ಅಕ್ಷರದ ಆಸುಪಾಸು. ಎಷ್ಟೇ ಚಿಕ್ಕ ಮಾತಾದರೂ ಒಂದು ಸೆಕೆಂಡ್ ನಿಲ್ಲಬೇಕು. ಆಡಿದ್ದನ್ನೆಲ್ಲ ಇಂಗ್ಲಿಷಿಗೆ ತರಬೇಕಾಗಿಲ್ಲ, ಮುಖ ನೋಡಲು ಸಮಯ ಬಿಡಿ. ಮುಗಿದ ಮೇಲೆ ಕನ್ನಡ ಬಾರದ ಒಬ್ಬರನ್ನು ಕೂರಿಸಿ ತೋರಿಸಿ. ಗೋವಾ ಪಕ್ಕದಲ್ಲೇ ಇದೆ, ಅಂಥವರು ಸಿಗುವುದು ನಿಮಗೆ ಕಷ್ಟವಲ್ಲ. ಅವರು ಎಲ್ಲಿ ಹುಬ್ಬು ಗಂಟಿಕ್ಕುತ್ತಾರೆ ಅಂತ ನೋಡಿ ಅಲ್ಲಲ್ಲಿ ತಿದ್ದಿ. ಹಾಗೆಯೇ ಕೊನೆಯ ಹೆಸರುಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದುಹೋಗಿವೆ. ಎಡಿಟಿಂಗ್ ಸಾಫ್ಟ್‌ವೇರ್ ಕನ್ನಡ ಅಕ್ಷರ ಸರಿಯಾಗಿ ಜೋಡಿಸದಿದ್ದರೆ, ಹೆಸರುಗಳನ್ನು ಬೇರೆ ಕಡೆ ಟೈಪ್ ಮಾಡಿ ಚಿತ್ರವಾಗಿ ತಂದು ಕೂರಿಸಿ. ನಟಿಸಿದ ಆ ಅಮ್ಮನ ಹೆಸರು ತಪ್ಪಾಗಿ ಕಾಣಬಾರದು, ಅಲ್ವಾ?

ಇಷ್ಟೆಲ್ಲ ಆದ ಮೇಲೆ ಎಲ್ಲಿಗೆ ಕಳಿಸಬೇಕು ಅನ್ನುವ ಪ್ರಶ್ನೆ. ಹತ್ತು ಹನ್ನೆರಡು ಉತ್ಸವ ಸಾಕು. ಆದರೆ ಯಾವುದಕ್ಕೆ ಮೊದಲು ಅನ್ನೋದು ಮುಖ್ಯ. ಕಾನ್, ಬರ್ಲಿನ್‌ನಂಥ ಕಡೆ ಬೇರೆಲ್ಲೂ ತೋರಿಸದ, ಅಥವಾ ಕಡೇಪಕ್ಷ ಹೊರದೇಶದಲ್ಲಿ ತೋರಿಸದ ಚಿತ್ರವನ್ನು ಕೇಳುತ್ತಾರೆ. ಅಮೆರಿಕದ ಸನ್‌ಡ್ಯಾನ್ಸ್ ಉತ್ಸವದಲ್ಲಿ ಕಿರುಚಿತ್ರಕ್ಕೆ ಆ ಕಟ್ಟುಪಾಡು ಇಲ್ಲ. ಫ್ರಾನ್ಸ್‌ನ ಕ್ಲೆರ್ಮಾಂ-ಫೆರಾಂ ಅನ್ನುವ ಊರಿನ ಉತ್ಸವ ಕಿರುಚಿತ್ರಕ್ಕೇ ಮೀಸಲು, ಜಗತ್ತಿನಲ್ಲೇ ಅತಿ ದೊಡ್ಡದು. ಚಳಿಗಾಲದಲ್ಲಿ ಇಡೀ ಊರು ಸಾಲು ನಿಂತು ಕಿರುಚಿತ್ರ ನೋಡುತ್ತದೆ. ಕೆಲಸ ಮಾಡುವ ಜನರ ಬದುಕನ್ನು ಹತ್ತಿರದಿಂದ ನೋಡುವ ಚಿತ್ರಗಳಿಗೆ ಅಲ್ಲಿ ಯಾವಾಗಲೂ ಜಾಗ ಇದ್ದೇ ಇದೆ. ನಿಮ್ಮ ಚಿತ್ರಕ್ಕೆ ಹೊರದೇಶದಲ್ಲಿ ಒಂದೇ ಕಡೆ ಆರಿಸಿ ಅಂದರೆ ನಾನು ಆರಿಸುವುದು ಅದನ್ನು. ಇಂಥ ಎರಡು ಮೂರು ಕಡೆಗೆ ಮೊದಲು ಕಳಿಸಿ, ಉತ್ತರ ಬರುವ ತನಕ ಕಾಯಿರಿ. ತುಂಬ ಕಾಯಲೂ ಬೇಡಿ. ಬಹಳಷ್ಟು ಉತ್ಸವಗಳು ಕಳೆದ ಒಂದೆರಡು ವರ್ಷದೊಳಗೆ ಮುಗಿದ ಚಿತ್ರಗಳನ್ನು ಮಾತ್ರ ತೆಗೆದುಕೊಳ್ಳುತ್ತವೆ.

ಆದರೆ ನನ್ನ ಮನಸ್ಸು ಇರುವುದು ನಮ್ಮ ಸುತ್ತಮುತ್ತಲಿನ ಉತ್ಸವಗಳ ಮೇಲೆ. ಅಲ್ಲಿಗೆ ನೀವು ಹೋಗಬಹುದು, ಕೂತು ನೋಡಬಹುದು, ಜನರ ಜೊತೆ ಮಾತಾಡಬಹುದು. ತಿರುವನಂತಪುರದಲ್ಲಿ 2008ರಿಂದ ಕೇರಳದ ಅಂತರರಾಷ್ಟ್ರೀಯ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ ನಡೆಯುತ್ತಿದೆ. ಕಾರವಾರದಲ್ಲೋ ಕುಮಟಾದಲ್ಲೋ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಅಲ್ಲೇ ಇಳಿಯುತ್ತೀರಿ. ಆ ಊರಲ್ಲಿ ಆಟೊ ಓಡಿಸುವವರೂ ಸಿನಿಮಾದ ಬಗ್ಗೆ ಗಟ್ಟಿಯಾಗಿ ಮಾತಾಡುತ್ತಾರೆ. ಪ್ರದರ್ಶನ ಮುಗಿದ ಮೇಲೆ ಬರುವ ಪ್ರಶ್ನೆಗಳು ಹತ್ತು ಪ್ರಮಾಣಪತ್ರಕ್ಕಿಂತ ಹೆಚ್ಚು ಕಲಿಸುತ್ತವೆ. ಮುಂಬೈಯಲ್ಲಿ 1990ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಉತ್ಸವದಲ್ಲಿ ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಷನ್ ಮೂರೂ ಇವೆ, ಅಂದರೆ ನಿಮ್ಮ ಎರಡೂ ಚಿತ್ರಕ್ಕೆ ಬಾಗಿಲಿದೆ. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವವಂತೂ ಆಸ್ಕರ್‌ಗೆ ಅರ್ಹತೆ ಕೊಡುವ ಉತ್ಸವಗಳ ಪಟ್ಟಿಯಲ್ಲೇ ಇದೆ. ಅಲ್ಲಿ ಸಂಬಂಧಪಟ್ಟ ವಿಭಾಗದಲ್ಲಿ ಗೆದ್ದರೆ ಮುಂದಿನ ದಾರಿ ತೆರೆಯುತ್ತದೆ.

ಪಣಜಿಯನ್ನು ಮರೆಯಬೇಡಿ. 2004ರಿಂದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ನವೆಂಬರ್‌ನಲ್ಲಿ ಅಲ್ಲೇ ನಡೆಯುತ್ತದೆ. ಕಾರವಾರದಿಂದ ಸುಮಾರು 100 ಕಿಲೋಮೀಟರ್. ದಿಲ್ಲಿ, ಕೋಲ್ಕತ್ತದವರು ವಿಮಾನ ಹತ್ತಿ ಬರುವ ಜಾಗಕ್ಕೆ ನೀವು ಬೆಳಿಗ್ಗೆ ಬಸ್ಸಲ್ಲಿ ಹೊರಟು ಮಧ್ಯಾಹ್ನದ ಆಟ ನೋಡಬಹುದು. ಈ ವರ್ಷ ನಿಮ್ಮ ಚಿತ್ರ ಅಲ್ಲಿ ಇರಲಿ, ಇಲ್ಲದಿರಲಿ, ಡೆಲಿಗೇಟ್ ಪಾಸ್ ಮಾಡಿಸಿ ನಾಲ್ಕೂ ಜನ ಹೋಗಿ. ಅಲ್ಲಿ ಭಾರತದ ಚಿತ್ರಗಳಿಗೇ ಇರುವ ಇಂಡಿಯನ್ ಪನೋರಮಾದ ನಾನ್-ಫೀಚರ್ ವಿಭಾಗದ ಚಿತ್ರಗಳನ್ನು ನೋಡಿ. ಎಂಥ ಚಿತ್ರಗಳ ಪಕ್ಕದಲ್ಲಿ ನಿಮ್ಮದು ಓಡಬೇಕು ಅನ್ನೋದು ಕಣ್ಣಾರೆ ನೋಡಿದರೇ ತಿಳಿಯುವುದು.

ಫೀಸಿನ ಲೆಕ್ಕ ಹೀಗಿದೆ. ಹೊರಗಿನ ಉತ್ಸವಗಳು ಸಾಮಾನ್ಯವಾಗಿ 20ರಿಂದ 50 ಡಾಲರ್ ಕೇಳುತ್ತವೆ. ಅರ್ಜಿ ತೆರೆದ ಹೊಸತರಲ್ಲಿ ಕಡಿಮೆ, ಕೊನೆಕೊನೆಗೆ ಜಾಸ್ತಿ. ಬೇಗ ಕಳಿಸಿದರೆ ಫೀಸೂ ಕಡಿಮೆ, ನೋಡುವವರ ಕಣ್ಣೂ ದಣಿದಿರುವುದಿಲ್ಲ. ಕಾನ್‌ನಲ್ಲಿ ಫೀಸೇ ಇಲ್ಲ. ಉಳಿದ ಕಡೆ ಕೇಳಿ ನೋಡಿ. ನಾವು ಇಂಥ ಊರಿನವರು, ಚಿತ್ರ ಇಂಥದ್ದು, ಬೇರೆ ಹಣದ ನೆರವಿಲ್ಲ, ಫೀಸಿನಲ್ಲಿ ವಿನಾಯಿತಿ ಸಿಗಬಹುದಾ ಅಂತ ನಾಲ್ಕು ಸಾಲಿನ ಮೇಲ್ ಬರೆಯಿರಿ. ಅರ್ಜಿ ಹಾಕುವ ಮುಂಚೆ ಬರೆಯಿರಿ. ಎಲ್ಲರೂ ಕೊಡುವುದಿಲ್ಲ, ಆದರೆ ಒಳ್ಳೆಯ ಉತ್ಸವಗಳು ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ನಿಮ್ಮ ಗೆಳತಿಯ ಚಿತ್ರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಅವಳ ಕೈಯಲ್ಲಿ ನಿಮ್ಮಲ್ಲಿಲ್ಲದ ಒಂದು ಅವಕಾಶ ಇದೆ. ಅವಳು ವಿದ್ಯಾರ್ಥಿ. ಕಾನ್‌ನಲ್ಲಿ ‘ಲಾ ಸಿನೆಫ್’ ಅನ್ನುವ ವಿಭಾಗ ಸಿನಿಮಾ ಶಾಲೆಗಳ ಚಿತ್ರಗಳಿಗೆ ಮಾತ್ರ. ಅಲ್ಲಿ 15 ನಿಮಿಷದ ಮಿತಿಯೂ ಇಲ್ಲ, ಅನಿಮೇಷನ್‌ಗೂ ಜಾಗ ಇದೆ. 2024ರಲ್ಲಿ ಅಲ್ಲಿ ಮೊದಲ ಬಹುಮಾನ ಬಂದಿದ್ದು ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರಿಗೆ. ಪುಣೆಯ ಎಫ್‌ಟಿಐಐನಲ್ಲಿ ಓದುವಾಗ ಮಾಡಿದ ಕನ್ನಡ ಚಿತ್ರ ಅದು. ಊರಿನ ಕೋಳಿ ಕದ್ದ ಅಜ್ಜಿಯ ಜನಪದ ಕತೆ. ಅದೇ ವರ್ಷ ಮೂರನೇ ಬಹುಮಾನ ಬಂದಿದ್ದು ಮಾನ್ಸಿ ಮಹೇಶ್ವರಿ ಅವರ ಅನಿಮೇಷನ್ ಚಿತ್ರಕ್ಕೆ. ಹಾಗಾಗಿ ನಮ್ಮ ಅಜ್ಜಿ ಕತೆ, ನಮ್ಮ ಗೋಡೆಯ ಗೆರೆ ಯಾರಿಗೆ ಬೇಕು ಅಂತ ಯಾರೂ ಅಂದುಕೊಳ್ಳುವುದು ಬೇಡ. ಅವಳು ಈಗಲೇ ಕಾಲೇಜಿನಲ್ಲಿ ಕೇಳಿ, ಪ್ರಾಜೆಕ್ಟ್ ಮುಗಿಯುವ ಹೊತ್ತಿಗೆ ಕಾಲೇಜಿನ ಪತ್ರ, ಹಕ್ಕಿನ ಒಪ್ಪಿಗೆ ಎರಡನ್ನೂ ಇಟ್ಟುಕೊಳ್ಳಲಿ. ವಿದ್ಯಾರ್ಥಿ ಚಿತ್ರದ ಹಕ್ಕು ಕೆಲವು ಕಾಲೇಜುಗಳಲ್ಲಿ ಕಾಲೇಜಿನ ಹೆಸರಲ್ಲೇ ಇರುತ್ತದೆ.

ಅನಿಮೇಷನ್‌ಗೆ ದೊಡ್ಡ ಹಬ್ಬ ಅಂದರೆ ಫ್ರಾನ್ಸ್‌ನ ಆನ್ಸಿ. 1960ರಿಂದ ನಡೆಯುತ್ತಿದೆ, ಪ್ರತಿ ಜೂನ್‌ನಲ್ಲಿ. ಅಲ್ಲಿ ವಿದ್ಯಾರ್ಥಿಗಳ ಚಿತ್ರಕ್ಕೆ ಬೇರೆಯೇ ಸ್ಪರ್ಧೆ ಇದೆ. ಕೆನಡಾದ ಒಟ್ಟಾವಾ, ಕ್ರೊಯೇಷಿಯಾದ ಝಾಗ್ರೆಬ್ ಕೂಡ ಹಳೆಯ, ನಂಬಬಹುದಾದ ಉತ್ಸವಗಳು. ಈ ಜಾಗಗಳಲ್ಲಿ ಅನಿಮೇಷನ್ ಅಂದರೆ ಮಕ್ಕಳ ಕಾರ್ಟೂನ್ ಅಂತ ಯಾರೂ ನೋಡುವುದಿಲ್ಲ. ಒಬ್ಬರೇ ಕೂತು ಕೈಯಲ್ಲಿ ಬಿಡಿಸಿದ ಚಿತ್ರಕ್ಕೂ ಅಲ್ಲಿ ದೊಡ್ಡ ಮರ್ಯಾದೆ. ಗೀತಾಂಜಲಿ ರಾವ್ ಬಹುಪಾಲು ತಾವೊಬ್ಬರೇ ಬಣ್ಣ ಹಾಕಿ ಮಾಡಿದ 15 ನಿಮಿಷದ ಚಿತ್ರ 2006ರಲ್ಲಿ ಕಾನ್‌ನ ಕ್ರಿಟಿಕ್ಸ್ ವೀಕ್ ಅನ್ನುವ ವಿಭಾಗದಲ್ಲಿ ಪ್ರಶಸ್ತಿ ಪಡೆಯಿತು.

ಅವಳ ಮಾದರಿ ತುಣುಕನ್ನೂ ನೋಡಿದೆ. ಕೆಮ್ಮಣ್ಣಿನ ಬಣ್ಣದ ಮೇಲೆ ಬಿಳಿ ಗೆರೆ, ಗೆರೆಯೇ ಮನೆಯಾಗಿ, ಮನೆಯೇ ತೇರಾಗಿ ಬದಲಾಗುವುದು ಬಹಳ ಚೆನ್ನಾಗಿದೆ. ಒಂದು ವಿಷಯ ಮಾತ್ರ ಕಣ್ಣಿಗೆ ಬಿತ್ತು. ಕಂಪ್ಯೂಟರಿನ ಗೆರೆ ಎಲ್ಲ ಕಡೆ ಒಂದೇ ದಪ್ಪ ಇದೆ. ಸಿದ್ದಾಪುರ, ಸಾಗರದ ಕಡೆ ದೀವರ ಹೆಂಗಸರು ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನ ಬಣ್ಣದಲ್ಲಿ ಅದ್ದಿ ಎಳೆಯುವ ಗೆರೆ ಹಾಗಿರುವುದಿಲ್ಲ. ಶುರುವಿನಲ್ಲಿ ತುಂಬಿಕೊಂಡಿರುತ್ತದೆ, ಕೊನೆಗೆ ಬರುವ ಹೊತ್ತಿಗೆ ನಾರಿನ ಎಳೆ ಎಳೆ ಕಾಣುತ್ತದೆ. ಅವಳು ಒಂದು ವಾರ ಅಂಥವರ ಜೊತೆ ಕೂತು, ಅದೇ ಕುಂಚದಲ್ಲಿ ಬಿಡಿಸಿದ ಗೆರೆಗಳನ್ನು ಸ್ಕ್ಯಾನ್ ಮಾಡಿಕೊಂಡು ಬಳಸಿದರೆ ಚಿತ್ರದ ಮುಖವೇ ಬದಲಾಗುತ್ತದೆ. ಕಲಿಸಿದವರ ಹೆಸರು ಚಿತ್ರದಲ್ಲಿ ಬರಬೇಕು, ಅವರಿಗೆ ದುಡ್ಡೂ ಸಲ್ಲಬೇಕು. ಇದು ಅವರ ಕಲೆ.

ಕೆಲಸದ ಅಂದಾಜು ಸರಿಯಾಗಿ ಇರಲಿ. ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ. ಆರು ನಿಮಿಷಕ್ಕೆ 4,320 ಚಿತ್ರ. ದಿನಕ್ಕೆ 20 ಬಿಡಿಸಿದರೂ 216 ದಿನ ಬೇಕು. ಎಲ್ಲ ಕಡೆ ಎಲ್ಲವೂ ಅಲುಗಾಡಬೇಕಾಗಿಲ್ಲ. ಚಿತ್ತಾರ ಗೋಡೆ ಮೇಲೆ ಸುಮ್ನೆ ನಿಂತಿರುವುದೇ ಅದರ ಸೊಗಸು. ಒಂದು ಮೂಲೆಯಲ್ಲಿ ಒಂದು ಗೆರೆ ಅಲುಗಿದರೆ ಸಾಕು, ಕಣ್ಣು ತಾನೇ ಅಲ್ಲಿಗೆ ಹೋಗುತ್ತದೆ. ನಾಲ್ಕು ನಿಮಿಷಕ್ಕೆ ಮುಗಿಸಿದರೆ ಇನ್ನೂ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಸಾಫ್ಟ್‌ವೇರ್‌ಗೆ ದುಡ್ಡು ಸುರಿಯುವುದು ಬೇಡ. ಕೃತಾ, ಓಪನ್‌ಟೂನ್ಸ್, ಬ್ಲೆಂಡರ್ ಎಲ್ಲ ಉಚಿತ. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರ ಬ್ಲೆಂಡರ್‌ನಲ್ಲೇ ಆಗಿದ್ದು. ಅದರಲ್ಲಿ ಒಂದೂ ಮಾತಿಲ್ಲ. ಮಾತಿಲ್ಲದ ಅನಿಮೇಷನ್‌ಗೆ ಸಬ್‌ಟೈಟಲ್ ಚಿಂತೆಯೂ ಇಲ್ಲ, ಯಾವ ದೇಶಕ್ಕೆ ಹೋದರೂ ಅದೇ ಚಿತ್ರ.

ಅವಳ ಚಿತ್ರದಲ್ಲಿ ಯಕ್ಷಗಾನದ ಪದ್ಯ ಬರುತ್ತದೆ ಅಂತ ಬರೆದಿದ್ದೀರಿ. ಇಲ್ಲಿ ಎಚ್ಚರ ಬೇಕು. ಹಳೆಯ ಪ್ರಸಂಗದ ಪದ್ಯಕ್ಕೆ ಹಕ್ಕಿನ ತೊಡಕು ಇಲ್ಲದಿರಬಹುದು. ನಮ್ಮಲ್ಲಿ ಬರೆದವರು ತೀರಿಕೊಂಡು 60 ವರ್ಷದ ತನಕ ಹಕ್ಕು ಇರುತ್ತದೆ, ಅದು ದಾಟಿದ್ದರೆ ಸರಿ. ಆದರೆ ಹಾಡಿದ ಭಾಗವತರಿಗೂ, ಆ ರೆಕಾರ್ಡಿಂಗ್ ಮಾಡಿದವರಿಗೂ ಬೇರೆ ಬೇರೆ ಹಕ್ಕು ಇದೆ. ಯೂಟ್ಯೂಬಿನಿಂದ ಇಳಿಸಿಕೊಂಡ ಪದ್ಯ ಬೇಡವೇ ಬೇಡ. ಹೊನ್ನಾವರ, ಶಿರಸಿ ಕಡೆ ಹಾಡುವವರಿಗೇನು ಬರ? ಒಬ್ಬ ಭಾಗವತರನ್ನು ಕೇಳಿ, ಮದ್ದಳೆಯವರ ಜೊತೆ ಹೊಸದಾಗಿ ಹಾಡಿಸಿ, ಸಂಭಾವನೆ ಕೊಟ್ಟು, ಎಲ್ಲ ಕಡೆ ತೋರಿಸಲು ಒಪ್ಪಿಗೆ ಇದೆ ಅಂತ ಒಂದು ಪುಟ ಬರೆಸಿಕೊಳ್ಳಿ. ನಿಮ್ಮ ಚಿತ್ರದಲ್ಲಿ ನಟಿಸಿದ ಊರವರಿಂದಲೂ ಇಂಥದ್ದೇ ಪತ್ರ ಬೇಕು. ಮುಂದಿನ ಸಲ ಕಾರವಾರದ ಕಡೆ ಡ್ರೋನ್ ಹಾರಿಸುವ ಮೊದಲು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ನೌಕಾನೆಲೆ, ಕೈಗಾ ಅಣುಸ್ಥಾವರ ಎರಡೂ ಅಲ್ಲೇ ಇವೆ.

ಸೆನ್ಸಾರ್ ಬಗ್ಗೆ ಚಿಂತೆ ಬೇಡ. ಉತ್ಸವದಲ್ಲಿ ತೋರಿಸಲು ಸಾಮಾನ್ಯವಾಗಿ ಸೆನ್ಸಾರ್ ಪತ್ರ ಕೇಳುವುದಿಲ್ಲ. ಆಯೋಜಕರೇ ಎಲ್ಲ ಚಿತ್ರಗಳಿಗೂ ಸೇರಿಸಿ ಕೇಂದ್ರ ಸರ್ಕಾರದಿಂದ ವಿನಾಯಿತಿ ತರುತ್ತಾರೆ. ರಾಷ್ಟ್ರ ಪ್ರಶಸ್ತಿಗೆ ಕಳಿಸುವುದಾದರೆ ಮಾತ್ರ ಆ ವರ್ಷದ ಪ್ರಮಾಣಪತ್ರ ಬೇಕು. ಆಯ್ಕೆಯಾದ ಮೇಲೆ ಡಿಸಿಪಿ ಕೇಳಿದರೆ ಗಾಬರಿಯಾಗಬೇಡಿ. ಥಿಯೇಟರ್ ಪ್ರೊಜೆಕ್ಟರ್‌ಗೆ ಹಾಕುವ ಫೈಲುಗಳ ಕಟ್ಟು ಅದು. ಡಿಸಿಪಿ-ಓ-ಮ್ಯಾಟಿಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ನೀವೇ ಮಾಡಬಹುದು. ನಿಮ್ಮ ಕೆಲವು ಶಾಟ್ ಮೊಬೈಲಿನಲ್ಲಿ 30 ಫ್ರೇಮ್‌ನಲ್ಲಿ ತೆಗೆದಂತಿದೆ, 24ಕ್ಕೆ ಇಳಿಸುವಾಗ ದೋಣಿ ಹೋಗುವ ಕಡೆ ಜರ್ಕ್ ಕಾಣುತ್ತದೆ. ಅದನ್ನು ಎಡಿಟಿಂಗ್‌ನಲ್ಲೇ ಸರಿಮಾಡಿ.

ಈಗ ಯೂಟ್ಯೂಬ್. ಚಿತ್ರ ಆನ್‌ಲೈನ್‌ನಲ್ಲಿ ಎಲ್ಲರಿಗೂ ಸಿಗುತ್ತಿದೆ ಅಂದರೆ ಹಲವು ಉತ್ಸವಗಳ ಬಾಗಿಲು ಮುಚ್ಚುತ್ತದೆ. ಆಸ್ಕರ್ ದಾರಿಯಲ್ಲಂತೂ ಅರ್ಹತೆ ಸಿಗುವ ಮೊದಲು ಆನ್‌ಲೈನ್‌ಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ಒಂದೂವರೆ ವರ್ಷ ಕಾಯಿರಿ. ಆಮೇಲೆ ಧೈರ್ಯವಾಗಿ ಹಾಕಿ. ಅಲ್ಲಿಯ ತನಕ ಪಾಸ್‌ವರ್ಡ್ ಇರುವ ವಿಮಿಯೊ ಲಿಂಕ್ ಬಳಸಿ. ಒಮ್ಮೆ ಕಳಿಸಿದ ಲಿಂಕ್ ಬದಲಿಸಬೇಡಿ. ಹೊಸ ಎಡಿಟ್ ಆದರೆ ಅದೇ ಲಿಂಕ್‌ನಲ್ಲಿ ಫೈಲ್ ಮಾತ್ರ ಬದಲಾಯಿಸಬಹುದು. ಕಿರುಚಿತ್ರದಿಂದ ಹಾಕಿದ ದುಡ್ಡು ವಾಪಸ್ ಬರುವುದು ಬಹಳ ಅಪರೂಪ, ಯೂಟ್ಯೂಬ್‌ನಿಂದಲೂ ಅಷ್ಟೇ. ಅದನ್ನು ನಂಬಿಕೊಂಡು ಸಾಲ ಮಾಡಬೇಡಿ.

ಊರಿನ ಪ್ರದರ್ಶನವನ್ನೂ ಮಾಡಿ, ಅದಕ್ಕೆ ಕಾಯಬೇಕಾಗಿಲ್ಲ. ಟಿಕೆಟ್ ಇಲ್ಲದೆ, ಕರೆದವರಿಗೆ ಮಾತ್ರ ತೋರಿಸುವ ಆಟಕ್ಕೆ ಸಾಮಾನ್ಯವಾಗಿ ಯಾವ ಉತ್ಸವವೂ ತಕರಾರು ಮಾಡುವುದಿಲ್ಲ. ಶಿರಸಿಯಿಂದ ಹೆಗ್ಗೋಡು ದೂರವಲ್ಲ. ಅಲ್ಲಿ ನೀನಾಸಂ ಚಿತ್ರಸಮಾಜ 1970ರ ದಶಕದಿಂದಲೇ ಹಳ್ಳಿಯ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದೆ. ಹಾಗಾಗಿ ನಮ್ಮ ಕಡೆಯವರಿಗೆ ಇಂಥ ಚಿತ್ರ ನೋಡಿ ಗೊತ್ತಿಲ್ಲ ಅನ್ನುವ ಅಳುಕು ಬೇಡ. ಮಿಕ್ಸಿಂಗ್ ಮಾಡಿಸುವ ಮೊದಲೇ ನದಿ ದಂಡೆಯ ಶಾಲೆಯಲ್ಲಿ ಒಂದು ಸಂಜೆ ತೋರಿಸಿ. ಬಳಚು ತೆಗೆಯುವವರನ್ನೇ ಮುಂದೆ ಕೂರಿಸಿ. ನೀವು ತಪ್ಪಾಗಿ ತೋರಿಸಿದ್ದನ್ನು ಅವರಷ್ಟು ಬೇಗ ಬೇರೆ ಯಾರೂ ಹಿಡಿಯುವುದಿಲ್ಲ. ಉದಾಹರಣೆಗೆ, ಬೆಳಿಗ್ಗೆ ಅಂತ ತೋರಿಸಿದ ದೃಶ್ಯದಲ್ಲಿ ನೀರು ಏರುತ್ತಿದೆ, ಮುಂದಿನ ಶಾಟ್‌ನಲ್ಲೇ ಪೂರ್ತಿ ಇಳಿದಿದೆ. ನನಗೇ ಕಂಡಿತು ಅಂದ ಮೇಲೆ ಅವರು ಬಿಡುತ್ತಾರಾ? ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು, ತಿದ್ದಿ, ಆಮೇಲೆ ಹೊಸ ಎಡಿಟ್ ನನಗೊಮ್ಮೆ ಕಳಿಸಿ. ಕ್ಲೆರ್ಮಾಂ-ಫೆರಾಂಗೆ ಕಳಿಸುವ ಪತ್ರವನ್ನು ಒಟ್ಟಿಗೆ ಕೂತು ಬರೆಯೋಣ.